ಹಂಡೆಯೊಳಗಿನ ಸುಣ್ಣ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹಂಡೆ ತೊಳೆಯುವ ಪ್ರಬಂಧವೇತಕ್ಕೆಂದು ಕೆಲವರು ಹುಬ್ಬೇರಿಸಬಹುದು. ಕಾವ್ಯವಿಮರ್ಶೆಗೂ ಪ್ರವಾಸಕಥನಕ್ಕೂ ನಡುವೆ ಆಸಿಡ್ ಬಾಟಲಿಗೆ ಎಡೆಯೆಲ್ಲಿ ಎಂಬ ಪ್ರಶ್ನೆ ಸಹಜವೇ. ಆದರೆ ರಾಷ್ಟ್ರೀಯ ಸೇವಾ ಯೋಜನೆಯ ಶ್ರಮದಾನಕ್ಕೆ ಹೋಗುವವರು ನಾವೇ. ವೃದ್ಧಾಶ್ರಮದ ಬಾಗಿಲಲ್ಲಿ ಹಾಡು, ಭಾಷಣಗಳು ಮುಗಿದ ಮೇಲೆ ನಮ್ಮ ಕೈಗೆ ಬರುವುದು ಬಚ್ಚಲುಮನೆಯ ಬ್ರಷ್ಷು; ಅದರ ಹಿಂದೆಯೇ ಬರುವುದು ಹೆಸರಿಲ್ಲದ ಒಂದು ಬಾಟಲಿ. ಆ ಬಾಟಲಿಯೊಳಗೆ ಏನಿದೆ, ಅದನ್ನು ಎಲ್ಲಿ ಸುರಿಯಬೇಕು, ಎಲ್ಲಿ ಸುರಿಯಬಾರದು ಎಂಬುದನ್ನು ತಿಳಿಯಲು ವಿಜ್ಞಾನದ ಪದವಿಯೇನೂ ಬೇಕಾಗಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ. ಓದಿ, ಕೇಳಿ, ಕೈಯಾರೆ ಉಜ್ಜಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕುಣಿಗಲ್ ಸೀಮೆಯಲ್ಲಿ ನೀರು ಕಾಯಿಸುವ ಪಾತ್ರೆಯ ಒಳಮೈಗೆ ಬೆಳ್ಳಗೆ ಅಂಟಿಕೊಳ್ಳುವ ಪದಾರ್ಥವನ್ನು ಜನ 'ಉಪ್ಪು ಕಟ್ಟಿದೆ' ಎನ್ನುತ್ತಾರೆ. ಮಾತು ರೂಢಿಗೆ ಬಂದಿದೆ, ಇರಲಿ. ಆದರೆ ಅದು ಅಡುಗೆಯ ಉಪ್ಪಲ್ಲ. ಉಪ್ಪಾಗಿದ್ದರೆ ನೀರು ಹಾಕಿದೊಡನೆ ಕರಗಿ ಹೋಗುತ್ತಿತ್ತು. ಅದು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸುಣ್ಣದ ಕಲ್ಲು. ಜೊತೆಗೆ ಒಂದಿಷ್ಟು ಮೆಗ್ನೀಸಿಯಂ ಇರುತ್ತದೆ. ಗಾಯದ ಮೇಲೆ ಹಕ್ಕಳೆ ಕಟ್ಟುವಂತೆ ಲೋಹದ ಮೇಲೆ ಕಟ್ಟುವುದರಿಂದ ಇದನ್ನು ನಾನು ಸುಣ್ಣದ ಹಕ್ಕಳೆ ಎಂದು ಕರೆಯುತ್ತೇನೆ.

ಇಲ್ಲೊಂದು ವಿಸ್ಮಯವುಂಟು. ಹುತ್ರಿದುರ್ಗದ ಬೆಟ್ಟ ಹತ್ತಿದವರು ಬಲ್ಲರು: ಕಣ್ಣು ಹಾಯುವಷ್ಟು ದೂರ ಬರಿಯ ಗ್ರ್ಯಾನೈಟ್ ಬಂಡೆ. ಸುಣ್ಣದ ಕಲ್ಲಿನ ಗುಡ್ಡ ಎಲ್ಲಿಯೂ ಕಾಣದು. ಹಾಗಿದ್ದ ಮೇಲೆ ಬುಡದ ಊರುಗಳ ಕೊಳವೆಬಾವಿಗಳಿಗೆ ಸುಣ್ಣ ಬಂದದ್ದೆಲ್ಲಿಂದ? ಗ್ರ್ಯಾನೈಟಿನಲ್ಲಿಯೂ ಅದರ ಬಂಧುವಾದ ನೈಸ್ ಶಿಲೆಯಲ್ಲಿಯೂ ಫೆಲ್ಡ್‌ಸ್ಪಾರ್ ಎಂಬ ಖನಿಜ ಹೇರಳವಾಗಿದೆ. ಅದರ ಒಂದು ಜಾತಿಯಲ್ಲಿ ಕ್ಯಾಲ್ಸಿಯಂ ಅಡಗಿದೆ. ಮಳೆಯ ನೀರು ಮಣ್ಣಿಗಿಳಿಯುವಾಗ ಬೇರುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರ ಸೌಮ್ಯವಾದ ಆಮ್ಲವಾಗುತ್ತದೆ. ಆ ಆಮ್ಲ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಖನಿಜವನ್ನು ತಿನ್ನುತ್ತ ಕ್ಯಾಲ್ಸಿಯಮನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಬಾವಿ ಆಳವಾದಷ್ಟೂ, ನೀರು ಕಲ್ಲಿನೊಡನೆ ಇದ್ದ ಕಾಲ ಹೆಚ್ಚಿದಷ್ಟೂ, ಸಾಮಾನ್ಯವಾಗಿ ಗಡಸುತನ ಹೆಚ್ಚು. ಅದೇ ಬೆಟ್ಟದ ಮೇಲೆ ಬಂಡೆಯ ತಗ್ಗಿನಲ್ಲಿ ನಿಂತ ಮಳೆನೀರಾದರೋ ಕಲ್ಲಿನ ಮೈಸವರಿ ಬಂದದ್ದಷ್ಟೆ. ಕಲ್ಲನ್ನು ಕರಗಿಸಲು ಅದಕ್ಕೆ ಬಿಡುವಿರಲಿಲ್ಲ. ಬೆಟ್ಟದ ಮೇಲಿನ ನೀರಿನಲ್ಲಿ ತೊಗರಿಬೇಳೆ ಬೇಗ ಬೆಂದೀತು. ಕೆಳಗಿನ ಬೋರ್‌ವೆಲ್ ನೀರಿನಲ್ಲಿ ಬೇಯದೆ ಕೂತೀತು. 'ಬೇಳೆ ಬೇಯದ ನೀರು' ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಪೂರ್ಣ ರಸಾಯನಶಾಸ್ತ್ರವೇ ಅಡಗಿದೆ.

ಈ ಗಡಸು ನೀರನ್ನು ಕಾಯಿಸಿದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಅದರ ಬಲದಿಂದ ಕರಗಿ ಕುಳಿತಿದ್ದ ಸುಣ್ಣ ಮತ್ತೆ ಕಲ್ಲಾಗಿ ಪಾತ್ರೆಗೆ ಅಂಟುತ್ತದೆ. ಹೀಗೆ ಕಾಯಿಸಿದರೆ ಇಳಿಯುವ ಪಾಲನ್ನು ತಾತ್ಕಾಲಿಕ ಗಡಸುತನವೆಂದೂ, ಕಾಯಿಸಿದರೂ ಇಳಿಯದೆ ಉಳಿಯುವುದನ್ನು ಶಾಶ್ವತ ಗಡಸುತನವೆಂದೂ ಶಾಸ್ತ್ರಜ್ಞರು ಕರೆಯುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರ ವರೆಗೆ ಒಪ್ಪಬಹುದೆನ್ನುತ್ತದೆ. ಇಷ್ಟು ಗಡಸು ಇರುವ ನೀರು ಕುಡಿದವರಿಗೆ ವಿಷವಲ್ಲ. ಅದರ ತೊಂದರೆಯೆಲ್ಲ ಪಾತ್ರೆಗೆ, ಕೊಳಾಯಿಗೆ, ಸಾಬೂನಿಗೆ.

ಒಂದು ಸಣ್ಣ ಲೆಕ್ಕ ಹಾಕೋಣ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆ, ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಬೇಕು, ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರಬೇಕು ಎಂಬ ಕಲ್ಪನೆಯನ್ನು ಮುಂದಿಟ್ಟಿದೆ. ಅಂಥ ಒಂದು ಆಶ್ರಮದಲ್ಲಿ ತಲೆಗೆ 15 ಲೀಟರಿನಂತೆ ಬಿಸಿನೀರು ಕಾಯಿಸಿದರೆ ದಿನಕ್ಕೆ 2250 ಲೀಟರ್. ಲೀಟರಿಗೆ 300 ಮಿಲಿಗ್ರಾಂ ತಾತ್ಕಾಲಿಕ ಗಡಸುತನವಿದ್ದರೆ ಆ ನೀರಿನೊಳಗೆ 675 ಗ್ರಾಂ ಸುಣ್ಣದ ಕಲ್ಲು ಇದೆ. ಎಲ್ಲವೂ ಹಂಡೆಗೆ ಅಂಟುವುದಿಲ್ಲ. ಹತ್ತರಲ್ಲಿ ಒಂದು ಪಾಲು ಅಂಟಿತೆಂದು ಇಟ್ಟುಕೊಂಡರೂ ತಿಂಗಳಿಗೆ ಎರಡು ಕಿಲೋ ಆಯಿತು! ಗೀಸರಿನ ಕಾಯಿಲ್ ಮೇಲೆ ಕುಳಿತ ಈ ಕಲ್ಲು ತಾಮ್ರದ ನೂರರಲ್ಲೊಂದು ಪಾಲಿನಷ್ಟು ಮಾತ್ರ ಶಾಖವನ್ನು ದಾಟಿಸುತ್ತದೆ. ಕಾಯಿಲ್ ಒಳಗೇ ಬೆಂದು ಸುಟ್ಟುಹೋಗುತ್ತದೆ. ಕರೆಂಟಿನ ಬಿಲ್ಲು ಏರುತ್ತದೆ. ಡಿಸೆಂಬರ್ ಚಳಿಯಲ್ಲಿ ಎಂಬತ್ತು ವರ್ಷದ ಮುದುಕರಿಗೆ ತಣ್ಣೀರೇ ಗತಿಯಾಗುತ್ತದೆ. ಸೋಲಾರ್ ಹೀಟರಿನ ಕೊಳವೆಗಳಿಗೂ ಇದೇ ಪಾಡು. ಕಮೋಡಿನಲ್ಲಿ ಮೂತ್ರದೊಳಗಿನ ಫಾಸ್ಫೇಟುಗಳೂ ಸೇರಿ ಹಳದಿಯ ಗಟ್ಟಿ ಕಲೆಯಾಗುತ್ತದೆ. ಎಷ್ಟು ಫಿನೈಲ್ ಸುರಿದರೂ ವಾಸನೆ ಹೋಗದಿರುವುದಕ್ಕೆ ಈ ಕಲೆಯೇ ಕಾರಣ; ವಾಸನೆ ಅದರ ಸೂಕ್ಷ್ಮ ರಂಧ್ರಗಳಲ್ಲಿ ಮನೆ ಮಾಡಿಕೊಂಡಿರುತ್ತದೆ.

ಆದ್ದರಿಂದ ಸುಣ್ಣವನ್ನು ತೆಗೆಯಲೇಬೇಕು. ತೆಗೆಯುವ ತತ್ತ್ವ ಒಂದೇ: ಸುಣ್ಣದ ಕಲ್ಲಿಗೆ ಆಮ್ಲ ತಾಗಿದರೆ ನೊರೆಯೆದ್ದು, ಇಂಗಾಲದ ಡೈಆಕ್ಸೈಡ್ ಹೊರಬಿದ್ದು, ಉಳಿದದ್ದು ನೀರಿಗೆ ಸೇರುತ್ತದೆ. ಅಂಗಡಿಯಲ್ಲಿ ಏನೇ ಹೆಸರಿನಿಂದ ಮಾರಲಿ, ಸುಣ್ಣ ತೆಗೆಯುವ ದ್ರವ ಪುಡಿಗಳಲ್ಲಿ ಬಹುತೇಕ ಎಲ್ಲವೂ ಯಾವುದೋ ಒಂದು ಆಮ್ಲವೇ. ಆಯ್ಕೆಯ ಪ್ರಶ್ನೆ ಬರುವುದು ಯಾವ ಆಮ್ಲ ಎಂಬಲ್ಲಿ.

ನಮ್ಮ ಅಜ್ಜಿಯರು ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಹುಣಸೆಗೆ ಹೆಸರಾದ ತುಮಕೂರು ಜಿಲ್ಲೆಯಲ್ಲಿ ಇದು ಸಹಜವೇ. ಹಿತ್ತಾಳೆ, ತಾಮ್ರಗಳ ಕಿಲುಬಿಗೆ ಹುಣಸೆ ರಾಮಬಾಣ. ಆದರೆ ಸುಣ್ಣದ ಹಕ್ಕಳೆಯ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ. ಹುಣಸೆಯ ಟಾರ್ಟಾರಿಕ್ ಆಮ್ಲ ಸುಣ್ಣದೊಡನೆ ಸೇರಿದಾಗ ಹುಟ್ಟುವ ಪದಾರ್ಥವೂ ನೀರಿನಲ್ಲಿ ಸುಲಭವಾಗಿ ಕರಗದು. ವಿನಿಗರ್ ಒಳ್ಳೆಯದೇ, ಆದರೆ ಅಂಗಡಿಯ ವಿನಿಗರಿನಲ್ಲಿ ನೂರಕ್ಕೆ ಸುಮಾರು 5 ಪಾಲು ಮಾತ್ರ ಆಮ್ಲ. ಮೇಲಿನ ಎರಡು ಕಿಲೋ ಸುಣ್ಣಕ್ಕೆ 48 ಲೀಟರ್ ವಿನಿಗರ್ ಬೇಕೆಂದು ಲೆಕ್ಕ ಹೇಳುತ್ತದೆ! ಷವರಿನ ಜಾಲರಿಯನ್ನೋ ಕೊಳಾಯಿಯ ಮೂತಿಯನ್ನೋ ನೆನೆಹಾಕಲು ಅದು ಸಾಕು, ಹಂಡೆಗೆ ಸಾಲದು.

ನನಗೆ ಎಲ್ಲಕ್ಕಿಂತ ಒಪ್ಪಿಗೆಯಾದದ್ದು ನಿಂಬೆ ಉಪ್ಪು, ಎಂದರೆ ಸಿಟ್ರಿಕ್ ಆಮ್ಲ. ಕಿರಾಣಿ ಅಂಗಡಿಯಲ್ಲಿಯೇ ಸಿಗುತ್ತದೆ. ಎರಡು ಕಿಲೋ ಸುಣ್ಣಕ್ಕೆ ಎರಡೂವರೆಯಿಂದ ಮೂರು ಕಿಲೋ ಬೇಕಾದೀತು. ಹೊಗೆಯಿಲ್ಲ, ಕಟುವಾಸನೆಯಿಲ್ಲ, ಸ್ಟೀಲ್ ಪಾತ್ರೆಯನ್ನು ತಿನ್ನುವುದಿಲ್ಲ. ಒಂದು ಲೀಟರ್ ನೀರಿಗೆ 30 ಗ್ರಾಂ ಹಾಕಿ, ಉಗುರುಬೆಚ್ಚಗೆ ಮಾಡಿ ಅರ್ಧ ಗಂಟೆ ಬಿಟ್ಟರೆ ಕೆಟಲಿನೊಳಗಿನ ಸುಣ್ಣ ತಾನೇ ಸಡಿಲವಾಗುತ್ತದೆ. ಕುದಿಸುವುದು ಬೇಡ. ಕುದಿಸಿದರೆ ಬೇಗ ಆದೀತೆಂದು ತೋರುವುದು ನಿಜ; ಆದರೆ ಬಿಸಿ ಏರಿದಾಗ ಸುಣ್ಣದ ಸಿಟ್ರೇಟ್ ಮತ್ತೊಂದು ಬಿಳಿಯ ಪದರವಾಗಿ ಕೂಡುವ ಸಂಭವವುಂಟು. ನಿಂಬೆ ಉಪ್ಪಿನ ಬಳಿಕ ಸಲ್ಫಾಮಿಕ್ ಆಮ್ಲದ ಪುಡಿ. ಇದು ಇನ್ನೂ ಚುರುಕು. ಇದರಿಂದ ಹುಟ್ಟುವ ಲವಣ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ದಪ್ಪ ಹಕ್ಕಳೆಗೆ ಹೇಳಿ ಮಾಡಿಸಿದ್ದು. ಆದರೆ ಕಣ್ಣಿಗೆ, ಚರ್ಮಕ್ಕೆ ಉರಿ. ಅಡುಗೆಮನೆಯ ಕಪಾಟಿಗೆ ಇದು ಸಲ್ಲದು.

ಕೊನೆಯದು ಎಲ್ಲರೂ ಬಲ್ಲ 'ಆಸಿಡ್', ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಕಮೋಡಿಗೆಂದು ಮಾರುವ ಹಲವು ಗಟ್ಟಿ ದ್ರವಗಳಲ್ಲಿ ಇದು ನೂರಕ್ಕೆ ಸುಮಾರು 10 ಪಾಲು ಇರುತ್ತದೆ. ಕಾರ್ಖಾನೆಗೆ ಮಾರುವುದರಲ್ಲಿ 30ಕ್ಕೂ ಮೇಲೆ. ಇದು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ, ಜೊತೆಗೆ ಕೊಳಾಯಿಯ ಹೊಳಪನ್ನೂ ಸ್ಟೀಲಿನ ಮೈಯನ್ನೂ ಮುಗಿಸುತ್ತದೆ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿಯವರ ಮೊಕದ್ದಮೆಯಲ್ಲಿ, ಗುರುತಿನ ಚೀಟಿ ನೋಡದೆ, ಪುಸ್ತಕದಲ್ಲಿ ಬರೆದಿಡದೆ ಆಸಿಡ್ ಮಾರಕೂಡದೆಂದೂ, 18 ವರ್ಷದೊಳಗಿನವರಿಗೆ ಕೊಡಲೇಬಾರದೆಂದೂ ಆದೇಶಿಸಿತು. ಅಂಥ ವಸ್ತುವನ್ನು ಅಜ್ಜ ಅಜ್ಜಿಯರ ಬಚ್ಚಲಿನಲ್ಲಿಡುವುದು ನನ್ನ ಅಭಿಪ್ರಾಯದಲ್ಲಿ ಅನವಶ್ಯಕ. ಕಮೋಡಿನ ಹಳೆಯ ಕಲೆಗೆ ಅಚ್ಚಾದ ಚೀಟಿಯಿರುವ, ಮುಚ್ಚಳ ಒತ್ತಿ ತಿರುಗಿಸಬೇಕಾದ ಬಾಟಲಿಯ ದ್ರವ ಸಾಕು. ಬಿಡಿಯಾಗಿ ಅಳೆದುಕೊಡುವ ಆಸಿಡ್ ಬೇಡ.

ಆಮ್ಲಕ್ಕೆ ಹಂಡೆಯ ಸುಣ್ಣ ಯಾವುದು, ಮನೆಯ ಕಲ್ಲು ಯಾವುದು ಎಂಬ ವಿವೇಕವಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಹಾಸುವ ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿಯದೇ, ಅಮೃತಶಿಲೆಯೂ ಹಾಗೆಯೇ. ನಿಂಬೆರಸ ಚೆಲ್ಲಿದರೂ ಅವುಗಳ ಹೊಳಪು ಹೋಗುತ್ತದೆ. ಮೊಸಾಯಿಕ್ ನೆಲ, ಸಿಮೆಂಟಿನ ನೆಲ, ಟೈಲುಗಳ ನಡುವಿನ ಗಾರೆ ಇವೂ ತಿನ್ನಿಸಿಕೊಳ್ಳುತ್ತವೆ. ತಿನ್ನಿಸಿಕೊಂಡ ನೆಲ ತರಿತರಿಯಾಗಿ ಕೊಳೆ ಹಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಆಮ್ಲಕ್ಕೂ ಆಗದು, ಕ್ಷಾರಕ್ಕೂ ಆಗದು. ಹುತ್ರಿದುರ್ಗದ ಬಂಡೆಯಂಥ ಗ್ರ್ಯಾನೈಟ್ ಚಪ್ಪಡಿ ಮಾತ್ರ ಇವೆಲ್ಲವನ್ನೂ ತಡೆದುಕೊಳ್ಳುತ್ತದೆ. ಗೀಸರಿನ ಒಳಗಿನ ಕೆಲಸವನ್ನು ನಾವು ಮಾಡದೆ ಮೆಕ್ಯಾನಿಕ್ಕಿಗೆ ಬಿಡುವುದು ಲೇಸು. ಅದರ ತೊಟ್ಟಿಗೆ ಗಾಜಿನ ಲೇಪವಿರಬಹುದು, ಮೆಗ್ನೀಸಿಯಂ ಸರಳಿರುತ್ತದೆ, ಮೇಲಾಗಿ ಕರೆಂಟಿದೆ.

ವಸ್ತುವಿನ ಮಾತು ಇಷ್ಟಾಯಿತು. ಇನ್ನು ಮನುಷ್ಯರ ಮಾತು. ನಮ್ಮ ಮನೆಗಳಲ್ಲಿ ಎಲ್ಲರೂ ಬಳಸುವ ಆಸಿಡ್ ವೃದ್ಧಾಶ್ರಮದಲ್ಲಿ ಮಾತ್ರ ಏಕೆ ಬೇಡ ಎಂದು ಕೇಳುವವರಿದ್ದಾರೆ. ಕುಣಿಗಲ್ ಸೀಮೆಯ ಒಂದು ಆಶ್ರಮಕ್ಕೆ ನಾವು ಹೋಗಿದ್ದಾಗ ಬಚ್ಚಲಿನ ಕಿಟಕಿಯ ಮೇಲೆ ತಂಪುಪಾನೀಯದ ಹಳೆಯ ಬಾಟಲಿಯೊಂದಿತ್ತು. ಒಳಗಿದ್ದುದು ನೀರಿನಂತೆಯೇ ತಿಳಿಯಾದ ದ್ರವ. ನೆನಪು ಮಾಸಿದ ಒಬ್ಬ ಅಜ್ಜಿ ಮುಖ ತೊಳೆಯಲು ಬಂದವರು ಕೈಚಾಚಿ ಅದನ್ನು ತೆಗೆದುಕೊಂಡು ಮುಚ್ಚಳ ತಿರುಗಿಸತೊಡಗಿದರು. ನೆಲ ಉಜ್ಜುತ್ತಿದ್ದ ಆಯಾ ಬ್ರಷ್ಷು ಬಿಸಾಡಿ ಓಡಿಬಂದು, "ಅಜ್ಜಿ, ಅದು ನೀರಲ್ಲ ಕಣಜ್ಜಿ, ಇತ್ಲಾಗೆ ಕೊಡು" ಎಂದು ಮೆಲ್ಲನೆ ಕೈಯಿಂದ ಬಿಡಿಸಿಕೊಂಡಳು. ಅಜ್ಜಿ ಮಾತ್ರ, "ಬಾಯಾರಿಕೆ ಆಗ್ತೈತಲ್ಲೇ ಮಗ" ಎಂದರು. ಆಯಾ ಎರಡು ಮಾರು ಆಚೆಗಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಬೇಕಾಗಿಲ್ಲ.

ವಯಸ್ಸಾದವರಿಗೆ ವಾಸನೆ ಹಿಡಿಯುವ ಶಕ್ತಿ ಕುಂದುತ್ತದೆ. ಕಣ್ಣಿಗೆ ಪೊರೆ ಬಂದಿರುತ್ತದೆ. ಚೀಟಿಯ ಅಕ್ಷರ ಕಾಣದು. ಚರ್ಮ ತೆಳುವಾಗಿರುವುದರಿಂದ ನಮ್ಮ ಕೈಗೆ ಬರಿಯ ತುರಿಕೆ ತರುವ ದ್ರವ ಅವರಿಗೆ ಹುಣ್ಣು ತರುತ್ತದೆ. ಉಬ್ಬಸವಿದ್ದವರಿಗೆ ಆಸಿಡ್ಡಿನ ಹೊಗೆಯೊಂದೇ ಸಾಕು. ಇದಕ್ಕೆಲ್ಲ ಮೊದಲ ಮದ್ದು ತೀರ ಸರಳ: ದ್ರವವನ್ನು ಕೊಂಡ ಬಾಟಲಿಯಿಂದ ಬೇರೆ ಬಾಟಲಿಗೆ ಸುರಿಯಲೇಬಾರದು, ಅದೂ ಕುಡಿಯುವ ಪದಾರ್ಥದ ಬಾಟಲಿಗೆ ಎಂದೆಂದಿಗೂ. ನಿಂಬೆ ಉಪ್ಪಿಗೂ ಈ ಮಾತು ಸಲ್ಲುತ್ತದೆ. ನೋಡಲು ಸಕ್ಕರೆಯಂತೆ, ಉಪ್ಪಿನಂತೆ ಇರುವ ಪುಡಿ ಅದು. ಅಡುಗೆಗೆ ಬೇರೆ ಡಬ್ಬಿ, ತೊಳೆಯಲು ಬೇರೆ ಡಬ್ಬಿ ಇರಬೇಕು. ಕೆಟಲಿಗೆ ದ್ರಾವಣ ಹಾಕಿ ನೆನೆಯಲು ಬಿಟ್ಟಾಗ ಅದನ್ನು ಊಟದ ಕೋಣೆಯ ಮೇಜಿನ ಮೇಲೆ ಬಿಡಬಾರದು. ಯಾರೋ ಬಂದು ಬಿಸಿನೀರೆಂದು ಬಗ್ಗಿಸಿಕೊಂಡಾರು. ಒಳಗಿಟ್ಟು ಬೀಗ ಹಾಕಿ, ಆಮೇಲೆ ಮೂರು ಸಲ ತೊಳೆದು, ಒಮ್ಮೆ ನೀರು ಕುದಿಸಿ ಚೆಲ್ಲಿ, ಅನಂತರವೇ ಬಳಕೆಗೆ ತರಬೇಕು.

ಎರಡನೆಯ ಅಪಾಯ ಇದಕ್ಕಿಂತ ದೊಡ್ಡದು. ಹೆಚ್ಚು ಜನಕ್ಕೆ ತಿಳಿಯದ್ದೂ ಹೌದು. ಬಚ್ಚಲನ್ನು ಆಸಿಡ್ ಹಾಕಿ ಉಜ್ಜಿದ ಮೇಲೆ 'ಇನ್ನೂ ಚೊಕ್ಕಟವಾಗಲಿ' ಎಂದು ಬ್ಲೀಚಿಂಗ್ ಪುಡಿ ಎರಚುವುದನ್ನು ಹಲವು ಕಡೆ ಕಂಡಿದ್ದೇನೆ. ಆಮ್ಲವೂ ಬ್ಲೀಚಿಂಗ್ ಪುಡಿಯೂ ಕೂಡಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳ ಮೇಲೆ ಬಿಟ್ಟ ವಿಷವಾಯು ಇದೇ. ಗಾಳಿಗಿಂತ ಸುಮಾರು ಎರಡೂವರೆ ಪಾಲು ಭಾರವಾದುದರಿಂದ ಅದು ಮೇಲೇರದೆ ನೆಲಕ್ಕೆ ಅಂಟಿ ಹರಡುತ್ತದೆ. ಕಂದಕದಲ್ಲಿ ಅಡಗಿದ ಸೈನಿಕರನ್ನು ಹುಡುಕಿಕೊಂಡು ಹೋದದ್ದೂ ಹೀಗೆಯೇ. ನಮ್ಮ ಬಚ್ಚಲಿನಲ್ಲಿ ನಿಂತು ಉಜ್ಜುವ ಹುಡುಗನಿಗಿಂತ ಮಣೆಯ ಮೇಲೆ ಕುಳಿತು ಸ್ನಾನ ಮಾಡುವ ಮುದುಕರ ಮೂಗಿಗೆ ಅದು ಮೊದಲು ಮುಟ್ಟುತ್ತದೆ. ವಿನಿಗರ್, ನಿಂಬೆ ಉಪ್ಪುಗಳು ಅಡುಗೆಮನೆಯವೆಂಬ ಕಾರಣದಿಂದ ಇದಕ್ಕೆ ಹೊರತಲ್ಲ. ಅವೂ ಆಮ್ಲಗಳೇ, ಬ್ಲೀಚಿನೊಡನೆ ಅವೂ ಕ್ಲೋರಿನ್ ಬಿಡಿಸುತ್ತವೆ. ಮೂತ್ರ ನಿಂತ ಕಮೋಡಿಗೆ ಬ್ಲೀಚ್ ಸುರಿದರೆ ಕ್ಲೋರಮೀನ್ ಎಂಬ ಇನ್ನೊಂದು ಕಟುವಾಯು ಏಳಬಹುದು. ಅಂಗಡಿಯಲ್ಲಿ ಒಂದೇ ಆಕಾರದ ಎರಡು ಬಾಟಲಿಗಳಲ್ಲಿ ಒಂದು ಆಮ್ಲದ್ದೂ ಇನ್ನೊಂದು ಬ್ಲೀಚಿನದೂ ಆಗಿರುವುದುಂಟು. ಬಣ್ಣ ನೋಡಿ ಕೊಳ್ಳದೆ ಚೀಟಿ ಓದಿ ಕೊಳ್ಳಬೇಕು. ಎರಡೂ ಬೇಕಾದರೆ ಬೇರೆ ಬೇರೆ ದಿನ, ನಡುವೆ ಧಾರಾಳವಾಗಿ ನೀರು ಹೊಯ್ದು.

ಕೆಲಸದ ಕ್ರಮವೂ ಕಷ್ಟದ್ದಲ್ಲ. ಸ್ನಾನಗಳೆಲ್ಲ ಮುಗಿದ ಮೇಲೆ ಹಿರಿಯರು ಯಾರೂ ಒಳಗಿಲ್ಲವೆಂದು ನೋಡಿಕೊಂಡು ಕಿಟಕಿ ತೆರೆಯಬೇಕು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ. ತೆಳುಮಾಡುವಾಗ ನೀರಿಗೆ ಆಮ್ಲವನ್ನು ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ನೊರೆಯಾಡುವುದು ನಿಂತರೆ ಸುಣ್ಣ ಮುಗಿಯಿತು, ಇಲ್ಲವೇ ಆಮ್ಲ ಮುಗಿಯಿತು ಎಂದರ್ಥ. ಯಾವುದೆಂದು ನೋಡಲು ಹೊಸದಾಗಿ ಒಂದು ಹನಿ ಹಾಕಿದರಾಯಿತು. ಕೊನೆಗೆ ನೆಲ ಒಣಗುವ ತನಕ ಬಾಗಿಲು ಹಾಕಿಡಬೇಕು. ಆಸಿಡ್ಡಿನಿಂದ ಸುಟ್ಟವರಿಗಿಂತ ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡ ಮುದುಕರೇ ಹೆಚ್ಚಿದ್ದಾರೆಂದು ನನಗೆ ತೋರುತ್ತದೆ.

ಮೈಗೋ ಕಣ್ಣಿಗೋ ದ್ರವ ಸಿಡಿದರೆ ಬೇರೇನನ್ನೂ ಹುಡುಕದೆ ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಚಿಕಿತ್ಸೆ ಇಲ್ಲಿ ಘಾತಕ. ಇಳಿಯುವಾಗ ಸುಟ್ಟ ಗಂಟಲನ್ನು ಏರುವಾಗಲೂ ಸುಡುತ್ತದೆ. ಸೋಡಾಪುಡಿಯೂ ಬೇಡ. ಬಾಯಿ ಮುಕ್ಕಳಿಸಿ, 108ಕ್ಕೆ ಕರೆಮಾಡಿ, ಆ ಬಾಟಲಿಯನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಮೊದಲು ಕೇಳುವುದು ಅದನ್ನೇ. ಅನಿಲ ಎದ್ದರೆ ತೊಳೆಯುವ ಯೋಚನೆ ಬಿಟ್ಟು ಎಲ್ಲರನ್ನೂ ಬಯಲಿಗೆ ಕರೆತರಬೇಕು.

ಸುಣ್ಣ ಕಟ್ಟದಂತೆಯೇ ಮಾಡಬಾರದೇ ಎಂದು ಕೇಳಬಹುದು. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ರಸಾಯನಶಾಸ್ತ್ರಜ್ಞ 1841ರಲ್ಲಿ ನೀರಿನ ಸುಣ್ಣವನ್ನು ಸುಣ್ಣ ಹಾಕಿಯೇ ತೆಗೆಯುವ ಉಪಾಯಕ್ಕೆ ಹಕ್ಕುಪತ್ರ ಪಡೆದ. ಮುಳ್ಳಿನಿಂದ ಮುಳ್ಳು ತೆಗೆದ ಹಾಗೆ. ದೊಡ್ಡ ನೀರು ಸರಬರಾಜಿಗೆ ಅದು ತಕ್ಕದ್ದು. ಆಶ್ರಮಗಳಿಗೆ ಈಗ ಮಾರುವ ಸಾಫ್ಟನರ್ ಯಂತ್ರ ಕ್ಯಾಲ್ಸಿಯಮನ್ನು ಹಿಡಿದು ಬದಲಿಗೆ ಸೋಡಿಯಮನ್ನು ಬಿಡುತ್ತದೆ. 300 ಮಿಲಿಗ್ರಾಂ ಗಡಸು ಕಳೆದರೆ ಲೀಟರಿಗೆ ಸುಮಾರು 138 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡದವರೇ ಹೆಚ್ಚಿರುವ ಕಡೆ ಕುಡಿಯುವ ನೀರಿನ ನಲ್ಲಿಯನ್ನು ಆ ಯಂತ್ರದಿಂದ ಬೇರೆ ಇಡುವುದು ಯುಕ್ತ. ಗೀಸರಿನ ಬಿಸಿ ಇಳಿಸಿದರೆ ಸುಣ್ಣ ಕಡಿಮೆಯಾಗುವುದು ನಿಜವಾದರೂ, ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಶ್ವಾಸಕೋಶಕ್ಕೆ ಹತ್ತುವ ಲೀಜಿಯೊನೆಲ್ಲ ಎಂಬ ಸೂಕ್ಷ್ಮಾಣು ಬೆಳೆಯುತ್ತದೆ. ಆದ್ದರಿಂದ ತೊಟ್ಟಿಯ ನೀರನ್ನು 60 ಡಿಗ್ರಿಯ ಸುತ್ತ ಕಾಯಿಸಿ, ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ ಹದಮಾಡುವುದೇ ಸರಿ. ತಾರಸಿಯ ಮಳೆನೀರನ್ನು ಸೋಸಿ ತೊಟ್ಟಿಯಲ್ಲಿ ತುಂಬಿಟ್ಟು ಕೆಟಲಿಗೂ ಬೇಳೆಗೂ ಬಳಸಿದರೆ, ಬೆಟ್ಟದ ಮೇಲಿನವರಿಗೆ ಒದಗಿದ ಮೆದು ನೀರು ಬುಡದವರಿಗೂ ಒದಗೀತು.

ತೊಳೆದು ಮುಗಿದ ಮೇಲೆ ಉಳಿಯುವುದು ಬಾಟಲಿ. ಅದರ ಜಾಗ ಬಚ್ಚಲಿನ ಕಿಟಕಿಯೂ ಅಲ್ಲ, ಕಮೋಡಿನ ಹಿಂದಿನ ಮೂಲೆಯೂ ಅಲ್ಲ. ಬೀಗವಿರುವ ಕಪಾಟು, ಬ್ಲೀಚಿಂಗ್ ಪುಡಿಯಿಂದ ಬೇರೆಯಾದ ಅಂಕಣ, ಬೀಗದ ಕೈ ಒಬ್ಬರ ಸೊಂಟದಲ್ಲಿ. ಖಾಲಿಯಾದ ಬಾಟಲಿಯನ್ನು ತೊಳೆದು, ಬುಡಕ್ಕೆ ಮೊಳೆಯಿಂದ ತೂತು ಹೊಡೆದು ಎಸೆಯಬೇಕು. ಇಲ್ಲವಾದರೆ ಯಾರಾದರೂ ಅದನ್ನು ಸೀಮೆಎಣ್ಣೆಗೋ ಮಜ್ಜಿಗೆಗೋ ಎತ್ತಿಕೊಂಡು ಹೋಗುತ್ತಾರೆ.